ನೂರೈವತ್ತಕ್ಕ ಇಟ್ಟೀನಿ, ಕಾಳಜಿ ಬ್ಯಾಡ

"ನಿಂದರ್ರಿ! ಅಲ್ಲೇ ನಿಂದರ್ರಿ!"

ಯಾಮಿನಿಯ ಒಂದು ಕಾಲು ಬಾಗಿಲಿನ ಒಳಗಿತ್ತು, ಇನ್ನೊಂದು ಹೊರಗೆ. ಹಾಗೇ ನಿಂತುಬಿಟ್ಟಳು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ಅವಳ ಅಮ್ಮ ವಸಂತಲಕ್ಷ್ಮಿ ಮೈಸೂರಿನಿಂದ ಕೇಳುತ್ತಿದ್ದರು.

"ಯಾರೇ ಅದು ಕೂಗಿದ್ದು?"

"ಆಮೇಲೆ ಮಾಡ್ತೀನಮ್ಮ..."

ಎರಡು ವರ್ಷದಿಂದ ಅವಳು ಇಲ್ಲಿ ಕೆಲಸ ಮಾಡುತ್ತಿದ್ದಳು. ಅಮೆರಿಕದ ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ, ಆಫೀಸ್ ಪಾರ್ಕ್ ಒಂದರ ಹಿಂಬದಿಯ ಕಟ್ಟಡ. ಇಪ್ಪತ್ತು ಜನರ ಪುಟ್ಟ ಕಂಪನಿ. ಇಲ್ಲಿ ಯಾರೂ ಯಾರ ಮೇಲೂ ದನಿ ಏರಿಸುವುದಿಲ್ಲ. ಹಾಗಿರುವಾಗ ತನ್ನನ್ನು ಹೀಗೆ ಗದರಿಸಿದ್ದು ಯಾರು? ಅದೂ ಕನ್ನಡದಲ್ಲಿ!

ಅಳತೆ ಕೋಣೆಯ ದೊಡ್ಡ ಯಂತ್ರದ ಹಿಂದಿನಿಂದ ಒಬ್ಬ ಎದ್ದು ಬಂದ. ಎತ್ತರದ ಆಳು, ಕೆದರಿದ ಕೂದಲು, ಮುಖದ ತುಂಬ ಗಾಬರಿ.

"ಫೋನ್ ಹೊರಗ ಇಡ್ರಿ. ಮತ್ತ ಆ ಚಿಮಟಾ... ಅಯ್ಯೋ! ಸ್ಟೀಲ್ ಚಿಮಟಾದಾಗ ಫಿಲ್ಮ್ ಹಿಡ್ಕೊಂಡ್ ಬಂದೀರಲ್ರಿ!"

"ಯಾಕೆ? ಸ್ಟೀಲಿಗೇನಾಯ್ತು?" ಯಾಮಿನಿಗೂ ಸಿಟ್ಟು ಬಂದಿತ್ತು.

"ಅದರ ಕಣ ಫಿಲ್ಮಿಗೆ ಹತ್ತಿ ಉಳಿತಾವು. ಕಣ್ಣಿಗೆ ಕಾಣಂಗಿಲ್ಲ, ಆದ್ರ ಈ ಯಂತ್ರಕ್ಕ ಕಾಣ್ತಾವು. ನಿಮ್ಮ ಫಿಲ್ಮ್ ನಾಕು ಮಾತಾಡಿದ್ರ ಆ ಕಣ ಹತ್ತು ಮಾತಾಡ್ತಾವು. ಆಮ್ಯಾಲೆ ಯಾರದು ಯಾವ ಮಾತು ಅಂತ ನಾ ಹೆಂಗ ಹೇಳ್ಲಿ?"

ಅವನು ಜೇಬಿನಿಂದ ಪ್ಲಾಸ್ಟಿಕ್ ಚಿಮಟವೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ನಾ ಕಲ್ಮೇಶ. ಗದಗಿನಾಂವ. ಇವತ್ತ ಕೆಲಸಕ್ಕ ಸೇರೀನಿ. ನಿಮ್ಮನ್ನ ಹೆದರಿಸಿಬಿಟ್ಟೆ, ತಪ್ಪು ತಿಳ್ಕೋಬ್ಯಾಡ್ರಿ."

"ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?"

"ತೊವ್ವೆ ಹೆಂಗ ಸೀದು ಹೋತು ಅಂತ ಕಾರಿಡಾರ್ ತುಂಬ ಹೇಳ್ಕೋತ ಬಂದ್ರಲ್ರಿ ಅಮ್ಮಗ..."

ಯಾಮಿನಿಯ ಕೆನ್ನೆ ಕೆಂಪಾಯಿತು. 'ಎಷ್ಟು ಜಂಬ! ಮೊದಲನೇ ದಿನವೇ ಪಾಠ ಹೇಳೋಕೆ ಬಂದಿದಾನೆ!' ಎಂದುಕೊಂಡು, ಫಿಲ್ಮನ್ನು ಅವನ ಕೈಗಿಟ್ಟು, ತಿರುಗಿ ನೋಡದೆ ನಡೆದಳು. ಪ್ಲಾಸ್ಟಿಕ್ ಚಿಮಟವನ್ನು ಮಾತ್ರ ಹಿಂದಿರುಗಿಸಲಿಲ್ಲ.

ಅದು ಅಕ್ಟೋಬರ್ ತಿಂಗಳು.

ಯಾಮಿನಿಯ ಕೆಲಸ ಏನೆಂದು ಒಂದು ಮಾತು ಹೇಳಿಬಿಡಬೇಕು. ಅದಿಲ್ಲದೆ ಈ ಪ್ರೇಮ ಅರ್ಥವಾಗುವುದಿಲ್ಲ.

ಅವಳು ಮಾಡುತ್ತಿದ್ದದ್ದು ಸಾರಜನಕ ಬೆರೆತ ಕಬ್ಬಿಣದ ತೆಳು ಪದರ. ಲ್ಯಾಬಿನ ಮಾತಿನಲ್ಲಿ ಫಿಲ್ಮ್. ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪ. ಕಬ್ಬಿಣದ ಪರಮಾಣುಗಳ ನಡುವೆ ಸಾರಜನಕ ಹೊಕ್ಕು, ತನ್ನ ತನ್ನ ಜಾಗದಲ್ಲಿ ಸಾಲಾಗಿ ಕುಳಿತರೆ ಆ ಕಬ್ಬಿಣದ ಅಯಸ್ಕಾಂತ ಶಕ್ತಿ ಹೆಚ್ಚುತ್ತದೆ. ಅಪರೂಪದ ಲೋಹಗಳನ್ನು ಮಣ್ಣು ಬಗೆದು ತೆಗೆಯದೆ, ಬರೀ ಕಬ್ಬಿಣದಿಂದಲೇ ಗಟ್ಟಿ ಅಯಸ್ಕಾಂತ ಮಾಡಬೇಕೆಂಬುದು ಕಂಪನಿಯ ಕನಸು.

ಆದರೆ ಕಬ್ಬಿಣ ತಾನಾಗಿ ಹಾಗಿರಲು ಒಪ್ಪುವುದಿಲ್ಲ. ಕಾವು ಹೆಚ್ಚಾದರೆ ಒಡೆದು ಮತ್ತೆ ಮಾಮೂಲಿ ಕಬ್ಬಿಣ. ಕಾವು ಕಡಿಮೆಯಾದರೆ ಸಾರಜನಕ ಸಾಲಾಗಿ ಕೂರುವುದೇ ಇಲ್ಲ. ಗಾಳಿ ತೆಗೆದ ಓವನ್, ನೂರೈವತ್ತು ಡಿಗ್ರಿ, ಇಪ್ಪತ್ತು ಗಂಟೆ. ಅದು ಹದ. ಆ ಹದ ಕಂಡುಕೊಳ್ಳಲು ಯಾಮಿನಿಗೆ ಎರಡು ವರ್ಷ ಹಿಡಿದಿತ್ತು.

ಆ ಅಕ್ಟೋಬರ್ ಫಿಲ್ಮನ್ನು ಕಲ್ಮೇಶ ತೊಳೆದು, ಒರೆಸಿ, ಅದರ ಅಯಸ್ಕಾಂತ ಶಕ್ತಿಯ ಅಳತೆ ಮಾಡಿದ. ಗುರುವಾರ ಅವಳ ಮೇಜಿನ ಹತ್ತಿರ ಬಂದು ನಿಂತ. ಕೈಯಲ್ಲಿ ಒಂದು ಗ್ರಾಫ್.

"ಏನ್ ಮಾಡೀರಿ ನೀವು ಇದಕ್ಕ?"

"ಯಾಕೆ... ಸರಿ ಇಲ್ವಾ?"

"ಸರಿ ಇಲ್ಲ ಅಂತೀರಾ? ನಾ ನನ್ನ ಜೀವನದಾಗ ಇಷ್ಟು ಚಂದನ್ನ ಅಳತಿ ನೋಡಿಲ್ರಿ!"

ಜಂಬದವನು ಎಂಬ ತೀರ್ಪು ಅಲ್ಲಿಗೇ ರದ್ದಾಯಿತು. ಸೋಮವಾರ ಕೊಟ್ಟಿದ್ದು, ನಾಲ್ಕು ದಿನವೂ ಬಾಳಲಿಲ್ಲ.

ಆಮೇಲೆ? ಆಮೇಲೆ ಊಟದ ಮೇಜು. ಅವನು ತನ್ನ ಕೈಯಾರೆ ತಟ್ಟಿದ ಜೋಳದ ರೊಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ. ಅವಳ ಬಿಸಿಬೇಳೆಬಾತು. ಭಾನುವಾರಗಳಂದು ವುಡಿನ್‌ವಿಲ್‌ನ ನದಿಯ ಪಕ್ಕದ ದಾರಿಯಲ್ಲಿ ನಡಿಗೆ. ಎಲ್ಲರೂ ವೈನ್ ರುಚಿ ನೋಡಲು ಬರುವ ಊರಿನಲ್ಲಿ ಇವರಿಬ್ಬರೂ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಮಾತು ಮಾತ್ರ ಇನ್ನೂ "ರೀ" ಮತ್ತು "ನೀವು" ದಾಟಿರಲಿಲ್ಲ. ಮನಸ್ಸಿನಲ್ಲಿರುವುದನ್ನು ಮೊದಲು ಯಾರು ಹೇಳಬೇಕು ಎಂದು ಇಬ್ಬರೂ ಕಾಯುತ್ತಿದ್ದರು.

ಅಕ್ಟೋಬರ್ ಕೊನೆಯ ವಾರ ಆ ಒಳ್ಳೆಯ ಫಿಲ್ಮನ್ನು ಬಿಸಿ ಮಾಡುತ್ತಾ ಹೋದರು. ಎಷ್ಟು ಕಾವಿಗೆ ಒಡೆಯುತ್ತದೆ ಎಂದು ತಿಳಿಯಬೇಕಿತ್ತಲ್ಲ. ತಿಳಿಯಿತು. ಫಿಲ್ಮ್ ಮುಗಿಯಿತು. ಇನ್ನೊಂದು ಮಾಡಿದರಾಯಿತು ಎಂದು ಯಾಮಿನಿ ನಕ್ಕಿದ್ದಳು.

ನವೆಂಬರಿನಲ್ಲಿ ದೊಡ್ಡ ಗಾಳಿ ಬಂತು. ಫರ್ ಮರಗಳು ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಯಾಮಿನಿಯ ಅಪಾರ್ಟ್‌ಮೆಂಟಿನ ದಾರಿಗೂ ಮರವೊಂದು ಅಡ್ಡ ಬಿದ್ದಿತ್ತು. ಹೊಸ ಫಿಲ್ಮ್ ಓವನ್ನಿನಲ್ಲಿತ್ತು. ಕಂಬಳಿ ಹೊದ್ದು ಕೂತು ಅದರದೇ ಚಿಂತೆ.

ಮೂರನೇ ದಿನ ಬೆಳಗ್ಗೆ ಲ್ಯಾಬಿಗೆ ಓಡಿದಾಗ ಓವನ್ನಿನ ಬಾಗಿಲಿಗೆ ಹಳದಿ ಚೀಟಿಯೊಂದು ಅಂಟಿಕೊಂಡಿತ್ತು. ಕರೆಂಟ್ ಬಂದ ಕೂಡಲೆ ಕಲ್ಮೇಶ ಮನೆಯಿಂದ ನಡೆದೇ ಬಂದು ಹೋಗಿದ್ದ.

'ಕರೆಂಟ್ ಬಂತು. ಓವನ್ ಎಲ್ಲಾ ಮರ್ತು ಕುಂತಿತ್ತು. ಹೊಸದಾಗಿ ನೂರೈವತ್ತಕ್ಕ ಇಟ್ಟೀನಿ, ಕಾಳಜಿ ಬ್ಯಾಡ. ಕಲ್ಮೇಶ.'

ಎರಡು ಮೈಲಿ ನಡೆದು ಬಂದಿದ್ದನಂತೆ! ತನ್ನ ಫಿಲ್ಮಿಗಾಗಿ!

ಕಾಳಜಿ ಬ್ಯಾಡ... ಆ ಎರಡು ಪದಗಳನ್ನು ಯಾಮಿನಿ ಎಷ್ಟು ಸಲ ಓದಿಕೊಂಡಳೋ! ಚೀಟಿಯನ್ನು ಜೋಪಾನವಾಗಿ ಬಿಡಿಸಿ, ತನ್ನ ಲ್ಯಾಬ್ ಪುಸ್ತಕದೊಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಕೊನೆಯ ಪುಟಕ್ಕೆ ಅಂಟಿಸಿದಳು.

ಅಲ್ಲಿಂದಲೇ ಕೆಟ್ಟ ದಿನಗಳು ಶುರುವಾದವು.

ಆ ಫಿಲ್ಮಿನಲ್ಲಿ ಏನೂ ಇರಲಿಲ್ಲ. ಮುಂದಿನದರಲ್ಲೂ ಇಲ್ಲ. ಡಿಸೆಂಬರಿನಲ್ಲಿ ಹೊಸ ಎಕ್ಸ್-ರೇ ಯಂತ್ರ ಬಂತು. ಸಾರಜನಕ ಸಾಲಾಗಿ ಕೂತಿದ್ದರೆ ಅದರ ಗ್ರಾಫಿನಲ್ಲಿ ಇಪ್ಪತ್ತೆಂಟರ ಅಂಕಿಯ ಪಕ್ಕದಲ್ಲಿ ಒಂದು ಪುಟ್ಟ ದಿಬ್ಬ ಏಳಬೇಕು. ಏಳಲಿಲ್ಲ. ಮೂರು ಫಿಲ್ಮ್, ಐದು ಫಿಲ್ಮ್, ಏಳು ಫಿಲ್ಮ್... ಎಲ್ಲವೂ ಸಪಾಟು. ಯಾಮಿನಿ ಅನಿಲ ಬದಲಿಸಿದಳು, ಪಂಪ್ ಬಿಚ್ಚಿ ಜೋಡಿಸಿದಳು, ನಿದ್ದೆ ಬಿಟ್ಟಳು. ಚಳಿಗೆ ಓವನ್ನಿನ ನೆತ್ತಿಯ ಮೇಲೆ ಅಂಗೈ ಇಟ್ಟು ಕಾಯಿಸಿಕೊಳ್ಳುವುದು ಅವಳ ಹಳೆಯ ಅಭ್ಯಾಸ. ಈಗ ಅಲ್ಲಿ ಕೈಯಿಟ್ಟರೂ ಬಿಸಿ ಹತ್ತುತ್ತಿರಲಿಲ್ಲ. ಚಳಿಗಾಲ ಜೋರಾಗಿದೆ ಎಂದುಕೊಂಡಳು.

ಜನವರಿಯ ಕೊನೆಯ ಸೋಮವಾರ ಮೀಟಿಂಗ್.

ಕಂಪನಿಯ ನಿರ್ದೇಶಕಿ ಮೇಘನಾ ಪಕ್ಕದ ಬೆಲ್‌ವ್ಯೂನಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ಬೆಂಗಳೂರಿನವರು. ಕನ್ನಡ ಎಲ್ಲಾ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ಮಾತು ಕಡಿಮೆ, ಮುಲಾಜು ಇನ್ನೂ ಕಡಿಮೆ.

"ದಿಸ್ ಇಸ್ ಕಲ್ಮೇಶ್ಸ್ ರಿಪೋರ್ಟ್," ಎಂದು ಮೊದಲ ಪುಟವನ್ನು ಪರದೆಯ ಮೇಲೆ ಹಾಕಿದಳು.

ಯಾಮಿನಿ ಓದಿದಳು. ಏಳು ಫಿಲ್ಮ್‌ಗಳಲ್ಲಿ ಯಾವುದರಲ್ಲೂ ಬೇಕಾದ ರಚನೆ ಇಲ್ಲ. ಸರಿ, ಅದು ಗೊತ್ತಿದ್ದದ್ದೇ. ಅದರ ಕೆಳಗಿನ ಸಾಲು...

'ಅಕ್ಟೋಬರ್ ಫಿಲ್ಮನ್ನು ಸ್ಟೀಲ್ ಚಿಮಟದಲ್ಲಿ ಹಿಡಿಯಲಾಗಿತ್ತು. ತೊಳೆದ ನಂತರವೂ ಕಬ್ಬಿಣದ ಕಣ ಉಳಿದು, ಅಳತೆ ಹೆಚ್ಚು ತೋರಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.'

ಅಕ್ಷರಗಳು ಕಣ್ಣಮುಂದೆ ಕಲಸಿಹೋದವು.

ಅಂದರೆ ಎರಡು ವರ್ಷದಲ್ಲಿ ಕೈಗೆ ಹತ್ತಿದ್ದ ಆ ಒಂದೇ ಒಂದು ಒಳ್ಳೆಯ ಫಿಲ್ಮೂ ಸುಳ್ಳು! ಚಿಮಟದ ಕೊಳೆ! ಅದನ್ನು ಬರೆದವನು ಇವನು! ತಾವಿಬ್ಬರೂ ಮೊದಲು ಭೇಟಿಯಾದ ದಿನವನ್ನೇ ತೆಗೆದು ಸಾಕ್ಷಿಗೆ ನಿಲ್ಲಿಸಿದವನು!

"ನೀವೇ ಅಲ್ವಾ ಅದನ್ನ ತೊಳೆದು ಅಳತೆ ಮಾಡಿದ್ದು?" ಯಾಮಿನಿ ಕಲ್ಮೇಶನ ಕಡೆ ತಿರುಗಿದಳು. "ಇಷ್ಟು ಚಂದದ ಅಳತೆ ನೋಡೇ ಇಲ್ಲ ಅಂದಿದ್ದು ಯಾರು?"

ಕಲ್ಮೇಶ ತಲೆ ತಗ್ಗಿಸಿದ. "ಹೌದ್ರಿ, ನಾನೇ. ಆದ್ರ ಕಣ ಪೂರ್ತಿ ಹೋಗಿದ್ವು ಅಂತ ಆಣಿ ಮಾಡಿ ಹೇಳಾಕ ಆಗಂಗಿಲ್ಲ. ಮೇಘನಾ ಅವ್ರು ನೇರಾ ಕೇಳಿದ್ರು. ನಾ ಕಂಡಿದ್ದಷ್ಟ ಬರದೀನಿ."

"ನನಗೆ ಮೊದಲು ಹೇಳಬಹುದಿತ್ತಲ್ವಾ?"

"ನಿನ್ನಿ ಮೂರು ಸಲ ಫೋನ್ ಮಾಡೀನ್ರಿ..."

"ಸುಳ್ಳು!"

"ಗಯ್ಸ್," ಮೇಘನಾ ಮೆಲ್ಲಗೆ ಕೆಮ್ಮಿದಳು. "ಐ ಡೂ ಅಂಡರ್‌ಸ್ಟ್ಯಾಂಡ್ ಕನ್ನಡ, ಯು ನೋ."

ಶುಕ್ರವಾರ ಕೊನೆಯ ತೀರ್ಮಾನ ಎಂದಳು ಮೇಘನಾ. ಅಷ್ಟರೊಳಗೆ ಒಂದಾದರೂ ಒಳ್ಳೆಯ ಫಿಲ್ಮ್ ತೋರಿಸದಿದ್ದರೆ ಈ ಕೆಲಸವನ್ನು ನಿಲ್ಲಿಸಿಬಿಡುವುದು.

ನಿಂತರೆ ಯಾಮಿನಿಯ ನೌಕರಿಯೂ ನಿಂತಂತೆ. ನೌಕರಿ ನಿಂತರೆ ವೀಸಾ ನಿಯಮದಂತೆ ಅರವತ್ತು ದಿನದಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ವಿಮಾನ ಹತ್ತಬೇಕು. ಅದಕ್ಕಿಂತ ಹೆಚ್ಚಾಗಿ, 'ಅವಳ ಫಿಲ್ಮ್ ನಿಜವೇ ಆಗಿರಲಿಲ್ಲ' ಎನ್ನುವ ಮಾತು ಉಳಿದುಹೋಗುತ್ತದೆ. ಆ ಮಾತನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ?

ಮನೆಗೆ ಬಂದು ಫೋನ್ ನೋಡಿದಳು. ಭಾನುವಾರ ಸಂಜೆ ಚಾರ್ಜಿಗೆ ಹಾಕಿ ಮರೆತಿದ್ದ ಹೊತ್ತಿನಲ್ಲಿ ಅವನ ಮೂರು ಕರೆ ಬಂದಿದ್ದವು. ಸುಳ್ಳು ಹೇಳಿರಲಿಲ್ಲ ಅವನು. ಆದರೆ ಸಿಟ್ಟು ಇಳಿಯಲಿಲ್ಲ. ಮೂರು ಸಲ ಫೋನ್ ಮಾಡಿದವನು ಒಂದು ಸಲ ಮನೆಗೆ ಬರಬಾರದಿತ್ತೇ!

ಮಂಗಳವಾರ ಅವನ ಚಟ್ನಿ ಡಬ್ಬಿಯನ್ನು ತೊಳೆದು ಅವನ ಮೇಜಿನ ಮೇಲೆ ಇಟ್ಟು ಬಂದಳು. ಖಾಲಿ. ಬೇರೆಯವರ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಿಕೊಡಬೇಕು ಎಂದು ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಯಾಮಿನಿ ಬೇಕೆಂದೇ ಖಾಲಿ ಇಟ್ಟಳು.

ಕಲ್ಮೇಶ ಆ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಮತ್ತೆ ಮುಚ್ಚಿದ. ಆ ದಿನ ಅವನು ಊಟ ಮಾಡಲಿಲ್ಲ. ಅದು ಅವಳಿಗೆ ಗೊತ್ತಿಲ್ಲ.

ಬುಧವಾರ ಬೆಳಗ್ಗೆ ಏಳು ಗಂಟೆ. ಅಮ್ಮನ ವಿಡಿಯೋ ಕಾಲ್. ಮೈಸೂರಿನಲ್ಲಿ ರಾತ್ರಿಯ ಊಟದ ಹೊತ್ತು.

"ಮುಖ ಯಾಕೆ ಹೀಗೆ ಬಾಡಿದೆ? ಊಟ ಮಾಡ್ತಿದೀಯ ತಾನೇ?"

"ಏನಿಲ್ಲಮ್ಮ. ಮೊಸರು ಕೂಡ ಹೆಪ್ಪಾಗ್ತಿಲ್ಲ ಈ ಚಳಿಗೆ. ನಿನ್ನೆ ಹಾಕಿದ್ದು ಹಾಲು ಹಾಲಾಗೇ ಇದೆ." ಹೇಳುತ್ತಿದ್ದ ಹಾಗೆ ಕಣ್ಣಲ್ಲಿ ನೀರು ಬಂತು. ಮೊಸರಿಗೆ ಅಳುವವರು ಯಾರಿದ್ದಾರೆ? ಪಾಪ, ಅದು ಮೊಸರಿನ ಅಳು ಅಲ್ಲವಲ್ಲ.

"ಅಯ್ಯೋ, ಅದಕ್ಯಾಕೆ ಅಳ್ತೀಯೇ? ಹಾಲು ಕೆಟ್ಟಿಲ್ವಲ್ಲ. ಬೆಚ್ಚಗಿನ ಜಾಗ ಸಿಕ್ಕಿಲ್ಲ ಅಷ್ಟೇ. ಓವನ್‌ನಲ್ಲಿ ಇಡು."

"ಈಗ ಇಟ್ಟಿದೀನಿ. ನೂರಕ್ಕೆ."

"ನೂರಾ? ಹಾಲು ಕುದ್ದುಹೋಗಲ್ವೇನೇ!"

"ಇಲ್ಲಮ್ಮ, ಇದು ಅಮೆರಿಕದ ನೂರು. ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಮೂವತ್ತೆಂಟು ಆಗಬಹು..."

ಮಾತು ಅರ್ಧಕ್ಕೆ ನಿಂತಿತು.

ಅಮೆರಿಕದ ನೂರು.

ಅಮೆರಿಕದ... ನೂರೈವತ್ತು?

"ಯಾಮಿನಿ? ಏ ಯಾಮಿನಿ! ಕೇಳಿಸ್ತಿದ್ಯಾ?"

ಅವಳು ಚೀಲದಿಂದ ಲ್ಯಾಬ್ ಪುಸ್ತಕ ಎಳೆದು ಕೊನೆಯ ಪುಟ ತೆರೆದಿದ್ದಳು. ಹಳದಿ ಚೀಟಿ. ಎಷ್ಟೋ ಸಲ ಓದಿದ ಚೀಟಿ. ಪ್ರತಿ ಸಲವೂ ಕಣ್ಣು 'ಕಾಳಜಿ ಬ್ಯಾಡ'ದ ಮೇಲೆಯೇ ನಿಂತಿತ್ತು. ಈಗ ಮೊದಲ ಬಾರಿಗೆ ಅದರ ಹಿಂದಿನ ಸಾಲನ್ನು ಸರಿಯಾಗಿ ಓದಿದಳು.

'ಓವನ್ ಎಲ್ಲಾ ಮರ್ತು ಕುಂತಿತ್ತು.'

ಎಲ್ಲಾ ಮರೆತಿತ್ತು! ಕರೆಂಟ್ ಹೋಗಿ ಬಂದಾಗ ಅದು ಕಾರ್ಖಾನೆಯಿಂದ ಬಂದ ಹೊಸತರಲ್ಲಿ ಹೇಗಿತ್ತೋ ಹಾಗೆ ಆಗಿಬಿಟ್ಟಿದೆ. ಅಮೆರಿಕದ ಕಾರ್ಖಾನೆ. ಅದಕ್ಕೆ ಗೊತ್ತಿರುವುದು ಫ್ಯಾರನ್‌ಹೀಟ್ ಮಾತ್ರ. ಸೆಲ್ಸಿಯಸ್‌ಗೆ ಬದಲಿಸಿದ್ದು ಎರಡು ವರ್ಷದ ಹಿಂದೆ ಯಾಮಿನಿಯೇ. ಅಳತೆ ಕೋಣೆಯ ಕಲ್ಮೇಶನಿಗೆ ಅದು ಹೇಗೆ ಗೊತ್ತಿರಬೇಕು? ಪರದೆಯ ಮೇಲೆ ನೂರೈವತ್ತು ಎಂದಷ್ಟೇ ತೋರಿಸುತ್ತದೆ. ಯಾವ ನೂರೈವತ್ತು ಎಂದು ತೋರಿಸುವುದಿಲ್ಲ.

ಓವನ್ನಿನ ಮೇಲೆ ಕೈಯಿಟ್ಟರೂ ಬಿಸಿ ಹತ್ತದಿದ್ದದ್ದು ಚಳಿಗಾಲಕ್ಕಲ್ಲ!

"ಅಮ್ಮ... ಅಮ್ಮ, ನೀನು ದೇವರು!"

"ಮೊಸರಿಗಾ?" ಎಂದರು ವಸಂತಲಕ್ಷ್ಮಿ. ಫೋನ್ ಆಗಲೇ ಕಟ್ ಆಗಿತ್ತು.

ಎಂಟು ಗಂಟೆಗೆ ಯಾಮಿನಿ ಲ್ಯಾಬಿನೊಳಗೆ ನುಗ್ಗಿದಾಗ ಅಳತೆ ಕೋಣೆಯ ದೀಪ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತಳು. ಈ ಸಲ ಯಾರೂ ಕೂಗಲಿಲ್ಲ.

ಕಲ್ಮೇಶ ನೆಲದ ಮೇಲೆ ಕೂತಿದ್ದ. ಸುತ್ತಲೂ ಬಿಚ್ಚಿಟ್ಟ ಯಂತ್ರದ ಭಾಗಗಳು, ಕೇಬಲ್‌ಗಳು, ಟಿಪ್ಪಣಿ ಹಾಳೆಗಳು. ಮುಖದಲ್ಲಿ ಎರಡು ದಿನದ ಗಡ್ಡ.

"ಏನ್ ಮಾಡ್ತಿದೀರಿ?"

ಅವನು ತಲೆಯೆತ್ತಿದ. "ನನ್ನ ಯಂತ್ರದಾಗ ತಪ್ಪು ಐತೇನು ಅಂತ ಹುಡಕಾಕತ್ತೀನ್ರಿ. ಸೋಮವಾರದಿಂದ. ನಿಮ್ಮ ಕೈಯಾಗ ತಪ್ಪಾಗೈತಿ ಅಂತ ನನ್ನ ಮನಸ್ಸು ಒಪ್ಪವಲ್ದು. ಅಂದ್ಮ್ಯಾಲೆ ನಂದರಾಗೇ ಇರಬೇಕಲ್ರಿ?"

ಇವಳು ಖಾಲಿ ಡಬ್ಬಿ ಇಟ್ಟು ಹೋದ ಹೊತ್ತಿನಲ್ಲಿ ಇವನು ತನ್ನದೇ ತಪ್ಪು ಹುಡುಕುತ್ತಾ ಕೂತಿದ್ದ!

"ಮುಚ್ಚಿ ಅದನ್ನ. ತಪ್ಪು ಅಲ್ಲಿಲ್ಲ. ಬನ್ನಿ ನನ್ನ ಜೊತೆ."

ಓವನ್ನಿನ ಮುಂದೆ ಇಬ್ಬರೂ ನಿಂತರು. ಯಾಮಿನಿ ಗುಂಡಿಗಳನ್ನು ಒತ್ತುತ್ತಾ ಅದರ ಸೆಟ್ಟಿಂಗ್ ಪಟ್ಟಿಗಳಿಗೆ ಹೋದಳು. ಒಂದು... ಎರಡು... ಮೂರನೆಯದರಲ್ಲಿ ಒಂದೇ ಒಂದು ಅಕ್ಷರ ಮಿನುಗುತ್ತಿತ್ತು.

ಎಫ್.

ಕಲ್ಮೇಶ ಅದನ್ನೇ ನೋಡಿದ. ಒಂದು ಕ್ಷಣ... ಎರಡು ಕ್ಷಣ... ಮುಖದ ಬಣ್ಣವೇ ಇಳಿದುಹೋಯಿತು.

"ಅಂದ್ರ... ಇದು ಇಷ್ಟು ದಿನ..."

"ಅರವತ್ತೈದು ಡಿಗ್ರಿ."

"ನಾನೇ ಇಟ್ಟಿದ್ದು. ಅವತ್ತು ನಾನೇ..." ಅವನು ಗೋಡೆಗೆ ಒರಗಿದ. "ಎರಡು ತಿಂಗಳು ನಿಮ್ಮನ್ನ ಅಳಿಸಿದಾಂವ ನಾನು! ಮ್ಯಾಲೆ ನಿಮ್ಮ ಚಿಮಟಾದ ಮ್ಯಾಲೆ ತಪ್ಪು ಹಾಕಿ ಬರದೆ! ಈಗಲೇ ಮೇಘನಾ ಅವ್ರಿಗೆ ಹೋಗಿ ಹೇಳ್ತೀನಿ."

"ನಿಲ್ಲಿ! ಅಲ್ಲೇ ನಿಲ್ಲಿ!"

ಈ ಸಲ ಕೂಗಿದ್ದು ಯಾಮಿನಿ. ಅವನು ನಿಂತ.

"ನೀವು ಎರಡು ಮೈಲಿ ನಡೆದು ಬಂದು ನನ್ನ ಓವನ್ ಹಚ್ಚಿದ್ರಿ. ಆಮೇಲೆ ಒಂದು ಸಲವಾದ್ರೂ ಅದನ್ನ ಪರೀಕ್ಷೆ ಮಾಡಬೇಕಿದ್ದವಳು ನಾನು. ಓವನ್ ನಂದು. ಕೈಯಿಟ್ಟು ನೋಡ್ದಾಗ ತಣ್ಣಗಿದ್ದಿದ್ದು ನನಗೆ ಗೊತ್ತಾಗಿತ್ತು, ಚಳಿ ಅಂದ್ಕೊಂಡೆ. ಅದೂ ಅಲ್ದೆ..." ಅವಳ ದನಿಗೆ ನಗು ಸೇರಿಕೊಂಡಿತು. "ಕಲ್ಮೇಶ್, ನಿಮಗಿನ್ನೂ ಅರ್ಥ ಆಗ್ಲಿಲ್ವಾ? ಹೆಚ್ಚು ಕಾವಾಗಿದ್ರೆ ಫಿಲ್ಮ್‌ಗಳು ಒಡೆದು ಹೋಗಿರ್ತಿದ್ವು, ಮತ್ತೆ ಬರ್ತಿರ್ಲಿಲ್ಲ. ಇದು ಕಡಿಮೆ ಕಾವು! ಏಳೂ ಹಾಗೇ ಇವೆ. ಒಂದೂ ಹಾಳಾಗಿಲ್ಲ. ಹೆಪ್ಪಾಗಿಲ್ಲ ಅಷ್ಟೇ!"

ಅವನು ಓವನ್ನಿನ ಕಡೆ ತಿರುಗಿದ. "ಈಗ ಸರಿಯಾಗಿ ಇಟ್ರ..."

"ಇಪ್ಪತ್ತು ಗಂಟೆ. ನಾಳೆ ಬೆಳಗ್ಗೆಗೆ ತಯಾರು. ಶುಕ್ರವಾರಕ್ಕೆ ಇನ್ನೂ ಟೈಮಿದೆ!"

ಕಲ್ಮೇಶ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ಆ ಕೈಗಳ ಹಿಂದೆ ಅವನು ನಗುತ್ತಿದ್ದನೋ ಅಳುತ್ತಿದ್ದನೋ, ಅವಳು ಕೇಳಲಿಲ್ಲ.

"ಒಂದು ಮಾತು," ಎಂದ ಆಮೇಲೆ. "ಕರೆಂಟ್ ಹೋಗಿದ್ದು, ನಾ ಓವನ್ ಹಚ್ಚಿದ್ದು, ಅದು ಎಲ್ಲಾ ಮರ್ತಿದ್ದು... ಇಷ್ಟು ದಿನದ ಮ್ಯಾಲೆ ಹೆಂಗ ನೆನಪಾತು ನಿಮಗ?"

"ಚೀಟಿಯಲ್ಲಿ ಬರೆದಿದ್ರಲ್ಲ."

"ಆ ಚೀಟಿ ಇನ್ನೂ ಇಟ್ಕೊಂಡೀರೇನು?"

ಯಾಮಿನಿ ಓವನ್ನಿನ ಕಡೆ ತಿರುಗಿ, ತುಂಬಾ ಗಮನವಿಟ್ಟು ಗುಂಡಿ ಒತ್ತತೊಡಗಿದಳು. ಕಿವಿಯವರೆಗೂ ಕೆಂಪಾಗಿತ್ತು.

ಹತ್ತು ಗಂಟೆಗೆ ಏಳೂ ಫಿಲ್ಮ್‌ಗಳು ಓವನ್ನಿನೊಳಗೆ ಸೇರಿದವು. ಈ ಬಾರಿ ಪಕ್ಕದಲ್ಲಿ ಇನ್ನೊಂದು ಥರ್ಮಾಮೀಟರ್. ಯಾಮಿನಿ ಮೇಘನಾಳ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

ಮೇಘನಾ "ಹೀ ವಾಸ್ ರೈಟ್, ದೆನ್," ಎಂದಳು.

"ಯಾರು?"

"ಯು ನೆವರ್ ರೆಡ್ ದ ಸೆಕೆಂಡ್ ಪೇಜ್, ಡಿಡ್ ಯು?"

ಎರಡನೇ ಪುಟ! ಸೋಮವಾರ ಮೊದಲ ಪುಟದ ಆ ಸಾಲಿಗೇ ಅವಳ ಓದು ನಿಂತುಹೋಗಿತ್ತು. ಮೇಘನಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಅಳತೆಯವನ ಒಣ ಇಂಗ್ಲಿಷಿನಲ್ಲಿ ಕಲ್ಮೇಶ ಬರೆದಿದ್ದ.

'ಮೇಲಿನದು ನಾನು ಅಳೆದದ್ದು. ಇನ್ನು ನಾನು ನಂಬಿರುವುದು. ಈ ಫಿಲ್ಮ್‌ಗಳನ್ನು ಮಾಡುವವರಷ್ಟು ಎಚ್ಚರದಿಂದ ಕೆಲಸ ಮಾಡುವವರನ್ನು ನಾನು ನೋಡಿಲ್ಲ. ಅಕ್ಟೋಬರ್ ಫಿಲ್ಮ್ ನಿಜವೆಂದೇ ನನ್ನ ಅನಿಸಿಕೆ. ತಪ್ಪು ನಾವ್ಯಾರೂ ನೋಡದ ಬೇರೆಲ್ಲೋ ಇದೆ. ಅದನ್ನು ಹುಡುಕಲು ಎರಡು ವಾರ ಕೊಡಿ. ಕೊಡಲಾಗದಿದ್ದರೆ ನನ್ನ ಬೇರೆ ಕೆಲಸಗಳನ್ನು ನಿಲ್ಲಿಸಿ, ಇದನ್ನು ನಿಲ್ಲಿಸಬೇಡಿ.'

ಯಾಮಿನಿ ಎರಡು ಸಲ ಓದಿದಳು. ಮೂರನೇ ಸಲ ಓದಲು ಕಣ್ಣು ಬಿಡಲಿಲ್ಲ.

ಮೇಘನಾ ಟಿಶ್ಯೂ ಡಬ್ಬಿಯನ್ನು ಅವಳ ಕಡೆ ತಳ್ಳಿ, ತನ್ನ ಕೆಲಸ ನೋಡಿಕೊಳ್ಳುವವಳಂತೆ ಫೋನ್ ಹಿಡಿದಳು.

ಗುರುವಾರ ಬೆಳಗ್ಗೆ ಎಂಟು. ಮೊದಲ ಫಿಲ್ಮ್ ಎಕ್ಸ್-ರೇ ಯಂತ್ರದಲ್ಲಿ. ಯಾಮಿನಿಯ ಕೈಯಲ್ಲಿ ಅದೇ ಪ್ಲಾಸ್ಟಿಕ್ ಚಿಮಟ. ಗ್ರಾಫಿನ ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ಹರಿಯುತ್ತಿತ್ತು. ಇಪ್ಪತ್ತನಾಲ್ಕು... ಇಪ್ಪತ್ತಾರು... ಸಪಾಟು.

"ಉಸಿರು ಬಿಡ್ರಿ," ಎಂದ ಕಲ್ಮೇಶ.

"ನೀವು ಮೊದಲು ಬಿಡಿ."

ಇಪ್ಪತ್ತೇಳು. ಸಪಾಟು. ಇಪ್ಪತ್ತೆಂಟು...

ಗೆರೆ ಮೇಲೆದ್ದಿತು! ಒಂದು ಪುಟ್ಟ ದಿಬ್ಬ, ಎರಡು ತಿಂಗಳಿಂದ ಬಾರದೆ ಕಾಡಿದ ದಿಬ್ಬ!

ಯಾಮಿನಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಹಿಡಿದದ್ದು ಯಾವಾಗ ಎಂದು ಅವಳಿಗೇ ಗೊತ್ತಿಲ್ಲ.

ಸಂಜೆಯೊಳಗೆ ಏಳರಲ್ಲಿ ಆರು ಗೆದ್ದವು. ಒಂದು ಮಾತ್ರ ಮೊಂಡು, ಅದಕ್ಕೆ ಪಂಪ್ ಬಿಚ್ಚಿ ಜೋಡಿಸಿದ ದಿನದ ಯಾವುದೋ ದೋಷ ಇರಬೇಕು. ಅಯಸ್ಕಾಂತದ ಅಳತೆಯೂ ಅಕ್ಟೋಬರ್ ಅಳತೆಯ ಪಕ್ಕಕ್ಕೇ ಬಂದು ನಿಂತಿತು. ಇವುಗಳಲ್ಲಿ ಯಾವುದನ್ನೂ ಸ್ಟೀಲ್ ಮುಟ್ಟಿರಲಿಲ್ಲ. ಅಕ್ಟೋಬರ್ ಫಿಲ್ಮ್ ನಿಜ. ಎರಡು ವರ್ಷ ನಿಜ. ಯಾಮಿನಿ ಕುರ್ಚಿಯಲ್ಲಿ ಕುಸಿದು ಕೂತು ಉಸಿರು ಬಿಟ್ಟಳು. ಎಷ್ಟು ದಿನವಾಗಿತ್ತು ಹಾಗೆ ಉಸಿರಾಡಿ!

ಶುಕ್ರವಾರದ ಮೀಟಿಂಗ್ ಹತ್ತು ನಿಮಿಷವೂ ನಡೆಯಲಿಲ್ಲ. ಮೇಘನಾ ಗ್ರಾಫ್ ನೋಡಿದಳು, ಇಬ್ಬರ ಮುಖ ನೋಡಿದಳು, ಕೆಲಸ ಇನ್ನೊಂದು ವರ್ಷ ಮುಂದುವರಿಯಲಿ ಎಂದಳು. ಬಾಗಿಲಲ್ಲಿ ನಿಂತು, ಇದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡವಳಂತೆ ಒಂದು ವಾಕ್ಯ ಕನ್ನಡ ಹೇಳಿದಳು.

"ಈಗ... ಊಟ ಮಾಡಿ. ಇಬ್ಬರೂ. ಒಟ್ಟಿಗೆ."

ಹೇಳಿ ಓಡಿಹೋದಳು.

ಊಟದ ಹೊತ್ತಿಗೆ ಯಾಮಿನಿ ಅವನ ಮೇಜಿನ ಹತ್ತಿರ ಬಂದಳು. ಖಾಲಿ ಡಬ್ಬಿ ಮಂಗಳವಾರ ಇಟ್ಟ ಜಾಗದಲ್ಲೇ ಇತ್ತು. ಅದನ್ನು ತೆಗೆದುಕೊಂಡು, ತನ್ನ ಪಾತ್ರೆಯಿಂದ ಗಟ್ಟಿ ಮೊಸರನ್ನು ಅಂಚಿನವರೆಗೆ ತುಂಬಿಸಿ, ಮುಚ್ಚಳ ಹಾಕಿ ಅವನ ಮುಂದಿಟ್ಟಳು.

"ಸಾರಿ," ಎಂದಳು. "ಎರಡನೇ ಪುಟ ಓದ್ಲಿಲ್ಲ ನಾನು."

"ನಾ ಮೊದಲನೇ ಪುಟ ಬರಿಯೂಕಿಂತ ಮೊದಲ ನಿಮ್ಮ ಮನಿಗೆ ಬರಬೇಕಿತ್ತು. ಫೋನ್ ಎತ್ತಲಿಲ್ಲ ಅಂತ ಸುಮ್ಮನ ಕುಂತೆ. ಅದು ನನ್ನ ತಪ್ಪು."

ಊಟವಾದ ಮೇಲೆ ಹೊಸ ಫಿಲ್ಮ್ ಓವನ್ನಿಗೆ ಹೋಯಿತು. ಹೊರಗೆ ಸಣ್ಣ ಜಿನುಗು ಮಳೆ, ಪಾರ್ಕಿಂಗಿನಲ್ಲಿ ಕಾರುಗಳೆಲ್ಲ ಒದ್ದೆ. ಸ್ವಲ್ಪ ಹೊತ್ತಿಗೆ ಯಾಮಿನಿ ಅಭ್ಯಾಸದಂತೆ ಓವನ್ನಿನ ನೆತ್ತಿಯ ಮೇಲೆ ಎರಡೂ ಅಂಗೈ ಇಟ್ಟಳು. ಬೆಚ್ಚಗಿತ್ತು. ನಿಜವಾಗಿಯೂ ಬೆಚ್ಚಗಿತ್ತು.

ಕಲ್ಮೇಶ ಬಂದು ಪಕ್ಕದಲ್ಲಿ ನಿಂತ. ತನ್ನ ಕೈಯನ್ನು ಅವಳ ಕೈಯ ಪಕ್ಕ ಇಟ್ಟ. ಬೆರಳು ಬೆರಳಿಗೆ ತಾಗುವಷ್ಟು ಹತ್ತಿರ.

"ಯಾಮಿನಿ, ಅವತ್ತು ನಾ ಎರಡು ಮೈಲಿ ನಡದು ಬಂದಿದ್ದು ಫಿಲ್ಮಿಗೆ ಅಲ್ಲ."

"ಮತ್ತೆ?"

"ನೀ ಅಲ್ಲಿ ಕಂಬಳಿ ಹೊದ್ದು ಅದರ ಚಿಂತಿ ಮಾಡ್ಕೋತ ಕುಂತಿರ್ತಿ ಅಂತ ನನಗ ಗೊತ್ತಿತ್ತು. ಅದನ್ನ ನೆನಸ್ಕೊಂಡ್ರ ಮನ್ಯಾಗ ಕುಂದ್ರಾಕ ಆಗಲಿಲ್ಲ." ಅವನ ದನಿ ತಗ್ಗಿತು. "ನಿನ್ನ ಚಿಂತಿ ಎಲ್ಲಾ ನನಗ ಕೊಡ್ತೀಯೇನು? ಜೀವನಪೂರ್ತಿ?"

ಯಾಮಿನಿ ತನ್ನ ಕೈಯನ್ನೆತ್ತಿ ಅವನ ಕೈಯ ಮೇಲೆ ಇಟ್ಟಳು.

"ಎಷ್ಟಕ್ಕೆ ಇಟ್ಟಿದೀಯ ಓವನ್ನು?" ಎಂದ ಅವನು ಮೈಸೂರಿನ ಮಾತನ್ನು ಅಣಕಿಸುತ್ತಾ, ನಡುಗುವ ದನಿಯನ್ನು ಮುಚ್ಚಿಕೊಳ್ಳಲು.

ಅವಳು ಕಣ್ಣೀರಿನ ನಡುವೆಯೇ ನಕ್ಕಳು. ಗದಗಿನ ಮಾತಿನಲ್ಲೇ ಉತ್ತರ ಕೊಟ್ಟಳು.

"ನೂರೈವತ್ತಕ್ಕ ಇಟ್ಟೀನಿ. ಕಾಳಜಿ ಬ್ಯಾಡ."